ಎರವಲು ಹುಡುಗರ ಮೇಷ್ಟ್ರು

ಭದ್ರಾವತಿಯಲ್ಲಿ ಆಟದ ಮಾತು ಎದ್ದರೆ ಅದು ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹತ್ತಿರ ಹೋಗಿ ನಿಲ್ಲದೆ ಮುಗಿಯುವುದಿಲ್ಲ. 1949ರಲ್ಲಿ ಅವರು ಹುಟ್ಟಿದ್ದು ಈ ಊರಲ್ಲಿ. ಊರಿನವರಿಗೆ ಮೂರು ತಲೆಮಾರು ಕೂತು ಮಾತಾಡಲು ಅಷ್ಟು ಸಾಕು. ಫುಟ್‌ಬಾಲಿಗೆ ಅಂಥ ಒಬ್ಬ ವಿಶ್ವನಾಥ್ ನಮಗೆ ಸಿಕ್ಕಿಲ್ಲ. ಆದರೂ ಭದ್ರಾವತಿಯ ನ್ಯೂಟೌನ್ ಕಡೆ ಆಗಲಿ, ಶಿವಮೊಗ್ಗದ ನೆಹರೂ ಕ್ರೀಡಾಂಗಣದ ಕಡೆ ಆಗಲಿ, ಸಂಜೆ ಐದರ ಮೇಲೆ ಹೋದರೆ ಚೆಂಡು ಒದೆಯುವ ನಾಲ್ಕು ಹುಡುಗರು ಕಂಡೇ ಕಾಣುತ್ತಾರೆ. ಮಳೆ ಹಿಡಿಯಿತೆಂದರೆ ನೆಲವೆಲ್ಲ ಕೆಸರು. ಒದ್ದ ಚೆಂಡು ನಾಲ್ಕು ಮಾರು ಹೋಗಿ ನೀರಲ್ಲಿ ಕೂತುಬಿಡುತ್ತದೆ. ಅಂಥ ನೆಲದಲ್ಲಿ ಬೆಳೆದ ಹುಡುಗನಿಗೆ ಮೊದಲು ಬರುವ ವಿದ್ಯೆ ಎಂದರೆ ಬೀಸಿ ಒದೆಯುವುದು. ಅಳೆದು ಪಾಸು ಕೊಡುವುದು ಆಮೇಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ನಾನು ಆಡಿದವನಲ್ಲ, ನೋಡುವವನು. ಕಟ್ಟೆಯ ಮೇಲೆ ಕೂತು ನೋಡುತ್ತ ನೋಡುತ್ತ ನನ್ನ ಕಣ್ಣು ಆಡುವವರನ್ನು ಬಿಟ್ಟು ಗೆರೆಯ ಹೊರಗೆ ಸೀಟಿ ಹಿಡಿದು ನಿಂತವರ ಕಡೆ ಹೋಗತೊಡಗಿತು. ಇಪ್ಪತ್ತೆರಡು ಜನ ಓಡುತ್ತಿರುವಾಗ ಓಡದೆ ನಿಂತ ಈ ಒಬ್ಬ ಮನುಷ್ಯ ಏನು ಮಾಡುತ್ತಿರುತ್ತಾನೆ? ಊರಿನ ಪಿ.ಟಿ. ಮೇಷ್ಟ್ರಿಂದ ಹಿಡಿದು ದೇಶದ ಕಿರಿಯರ ತಂಡದ ಕೋಚ್‌ವರೆಗೆ ಈ ಕಸುಬು ಒಂದೇ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಿ.ಟಿ. ಮೇಷ್ಟ್ರ ಹತ್ತಿರ ಒಬ್ಬ ಹುಡುಗ ಎಂಟನೇ ಕ್ಲಾಸಿನಿಂದ ಹತ್ತರವರೆಗೆ ದಿನವೂ ಇರುತ್ತಾನೆ. ಕ್ಲಬ್ಬಿನ ಕೋಚ್ ಕೈಯಲ್ಲಿ ಒಂದು ಪೂರ್ತಿ ಸೀಸನ್ ಇರುತ್ತದೆ. ದೇಶದ ಕಿರಿಯರ ತಂಡದ ಕೋಚ್‌ಗೆ ಮಾತ್ರ ಹುಡುಗರೆಲ್ಲ ಎರವಲು. ಯಾರದೋ ಅಕಾಡೆಮಿಯಲ್ಲಿ ಕಲಿತು, ಯಾರದೋ ಕ್ಲಬ್ಬಿನ ಅನ್ನ ಉಂಡು, ಕೆಲವು ವಾರಗಳ ಮಟ್ಟಿಗೆ ಇವನ ಕೈಗೆ ಬರುತ್ತಾರೆ. ಬಂದಷ್ಟೇ ಬೇಗ ವಾಪಸು. ಅಷ್ಟರೊಳಗೆ ಅವರನ್ನು ಒಂದು ತಂಡ ಮಾಡಬೇಕು, ಅವರಿಗೇ ಗೊತ್ತಾಗದ ಹಾಗೆ ಸ್ವಲ್ಪ ಬೆಳೆಸಬೇಕು, ಪೆಟ್ಟಾಗದಂತೆ ಹಿಂದಿರುಗಿಸಬೇಕು. ಇಪ್ಪತ್ತು ತುಂಬಿದ ಮೇಲೆ ಅವರು ಇವನ ಪಟ್ಟಿಯಿಂದಲೇ ಹೊರಗೆ. ಮಲೆನಾಡಿನವರಿಗೆ ಹೇಳುವುದಾದರೆ ಇದು ಸಸಿಮಡಿಯ ಕೆಲಸ. ನಾಟಿ ಇನ್ನೊಬ್ಬರ ಗದ್ದೆಯಲ್ಲಿ.

ಈ ಕಸುಬನ್ನು ನಮ್ಮ ರಾಜ್ಯದವರೊಬ್ಬರು ಮಾಡಿದ್ದಾರೆ. ಬೆಂಗಳೂರಿನ ಷಣ್ಮುಗಂ ವೆಂಕಟೇಶ್. ಕ್ರಿಕೆಟ್ ಪುಟಗಳ ನಡುವೆ ಈ ಹೆಸರು ಹೆಚ್ಚು ಜನರ ಕಣ್ಣಿಗೆ ಬಿದ್ದಿರಲಾರದು. ಮಹೀಂದ್ರಾ ಯುನೈಟೆಡ್‌ನಂಥ ದೊಡ್ಡ ತಂಡದಲ್ಲಿ, ದೇಶದ ತಂಡದಲ್ಲಿ ಮಿಡ್‌ಫೀಲ್ಡರ್ ಆಗಿ ಆಡಿದವರು. ಆಟ ಬಿಟ್ಟ ಮೇಲೆ ಸ್ಟೀಫನ್ ಕಾನ್‌ಸ್ಟಂಟೈನ್ ಅವರ ಕೈಕೆಳಗೆ ಹಿರಿಯರ ತಂಡಕ್ಕೆ ಸಹಾಯಕ ಕೋಚ್ ಆದರು. 2019ರ ಜನವರಿಯಲ್ಲಿ ಏಷ್ಯಾ ಕಪ್‌ನಲ್ಲಿ ಭಾರತ ಥಾಯ್ಲೆಂಡನ್ನು 4–1ರಿಂದ ಸೋಲಿಸಿದ್ದು ಆ ಕಾಲದಲ್ಲಿ. ಅದೇ ವರ್ಷದ ಕೊನೆಗೆ ಅವರ ಕೈಗೆ ಬಂದದ್ದು ಇಂಡಿಯನ್ ಆ್ಯರೋಸ್.

ಆ್ಯರೋಸ್ ಎಂಬುದು ಒಂದು ವಿಚಿತ್ರ ತಂಡ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಹುಟ್ಟುಹಾಕಿ, ನಡುವೆ ನಿಲ್ಲಿಸಿ, 2017ರಲ್ಲಿ ಮತ್ತೆ ಎಬ್ಬಿಸಿದ ತಂಡ ಅದು. ಬರೀ ಎಳೆಯ ಹುಡುಗರು, ಎಲ್ಲರೂ ಭಾರತೀಯರು. ಇವರನ್ನು ತಂದು ಐ–ಲೀಗ್‌ನಲ್ಲಿ, ಮೂವತ್ತು ವರ್ಷದ ಗಂಡಸರು, ವಿದೇಶದಿಂದ ಬಂದ ಎತ್ತರದ ಡಿಫೆಂಡರುಗಳು ಇರುವ ಕ್ಲಬ್ಬುಗಳ ಎದುರು ನಿಲ್ಲಿಸುವುದು. ಸೋತರೂ ಕೆಳಗಿನ ದರ್ಜೆಗೆ ಇಳಿಸುವುದಿಲ್ಲ ಎಂಬ ಒಂದೇ ರಿಯಾಯಿತಿ. ಸೋಲು ಖಾತ್ರಿ ಎಂದು ಮೊದಲೇ ಗೊತ್ತಿರುವ ಕೆಲಸಕ್ಕೆ ಯಾರು ಒಪ್ಪುತ್ತಾರೆ? ಒಪ್ಪಿದವನು ಪ್ರತಿ ಸೋಮವಾರ ಬೆಳಿಗ್ಗೆ ಹದಿನೆಂಟರ ಹುಡುಗರ ಮುಖ ನೋಡಬೇಕು. ಅಂಕಪಟ್ಟಿಯಲ್ಲಿ ತಳದಲ್ಲಿದ್ದೀರಿ, ಆದರೆ ನೀವು ಕಲಿಯುತ್ತಿದ್ದೀರಿ ಎಂದು ನಂಬಿಸಬೇಕು. ನಂಬಿಸುವುದಕ್ಕೆ ಮುಂಚೆ ತಾನು ನಂಬಬೇಕು. ನಡುವೆ ಕೊರೊನಾ ಬಂದು ಲೀಗೆಲ್ಲ ಕೋಲ್ಕತ್ತ ಸುತ್ತಮುತ್ತಲ ಮೈದಾನಗಳಿಗೆ ಸೀಮಿತವಾಯಿತು. ಮನೆ ಬಿಟ್ಟು ಬಂದ ಹುಡುಗರು ಹೋಟೆಲ್ ಕೋಣೆಯಿಂದ ಬಸ್ಸಿಗೆ, ಬಸ್ಸಿನಿಂದ ಮೈದಾನಕ್ಕೆ. ಅದರಲ್ಲಿ ಫುಟ್‌ಬಾಲ್ ಕಲಿಸುವುದು ಅರ್ಧ ಕೆಲಸ. ಉಳಿದರ್ಧ ಮನೆಯ ಹಿರಿಯನ ಕೆಲಸ.

ಇನ್ನು ಕಸುಬಿಗೆ ಬರೋಣ. ಇದರ ಮೊದಲ ಮೆಟ್ಟಿಲು ಆರಿಸುವುದು, ಅದರಲ್ಲೇ ಅತಿ ಹೆಚ್ಚು ತಪ್ಪುಗಳಾಗುವುದು.

ಹದಿನಾಲ್ಕರ ಆಸುಪಾಸಿನಲ್ಲಿ ಗಂಡುಹುಡುಗರ ಮೈ ಒಂದೇ ವರ್ಷಕ್ಕೆ ಮೂರು ನಾಲ್ಕು ಇಂಚು ಏರುತ್ತದೆ. ಕೆಲವರಿಗೆ ಹನ್ನೆರಡಕ್ಕೇ ಏರಿರುತ್ತದೆ, ಕೆಲವರಿಗೆ ಹದಿನಾರಾದರೂ ಬಂದಿರುವುದಿಲ್ಲ. ಹೈಸ್ಕೂಲು ಮ್ಯಾಚುಗಳಲ್ಲಿ ಗೋಲಿನ ಮೇಲೆ ಗೋಲು ಹೊಡೆಯುವ ಹುಡುಗನನ್ನು ನೋಡಿ. ಹತ್ತರಲ್ಲಿ ಏಳು ಸಲ ಅವನು ಉಳಿದವರಿಗಿಂತ ಒಂದು ಗೇಣು ಎತ್ತರ ಇರುತ್ತಾನೆ, ಮೀಸೆ ಚಿಗುರಿರುತ್ತದೆ. ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದರೆ ಸಾಕು, ಯಾರೂ ಹಿಡಿಯಲಾರರು. ಊರು ಅವನನ್ನು ಹೊತ್ತು ಮೆರೆಸುತ್ತದೆ. ಮೂರು ವರ್ಷ ಕಳೆದು ಉಳಿದವರೂ ಅಷ್ಟೇ ಎತ್ತರ ಆದಾಗ ಅವನ ಬಳಿ ಓಟ ಬಿಟ್ಟರೆ ಬೇರೇನೂ ಇಲ್ಲ ಎಂದು ತಿಳಿಯುತ್ತದೆ. ಅತ್ತ, ಅದೇ ತಂಡದಲ್ಲಿ ಸಣ್ಣ ಮೈಯ ಹುಡುಗನೊಬ್ಬ, ತಳ್ಳಿದರೆ ಬೀಳುತ್ತೇನೆ ಎಂದು ಗೊತ್ತಿದ್ದೇ, ಚೆಂಡು ಬರುವ ಮೊದಲು ಎಲ್ಲಿಗೆ ಕೊಡಬೇಕೆಂದು ಯೋಚಿಸಲು ಕಲಿತಿರುತ್ತಾನೆ. ಆಯ್ಕೆಯ ಪಟ್ಟಿಯಲ್ಲಿ ಅವನ ಹೆಸರು ಇರುವುದಿಲ್ಲ. ಬಲ್ಲ ಕೋಚ್ ಇವತ್ತಿನ ಹುಡುಗನನ್ನು ನೋಡುವುದಿಲ್ಲ, ಐದು ವರ್ಷದ ಆಚೆಗಿನವನನ್ನು ಊಹಿಸುತ್ತಾನೆ. ಊಹೆ ತಪ್ಪುವುದೂ ಉಂಟು. ಆದರೆ ಊಹೆಯೇ ಮಾಡದ ಕೋಚ್ ಬರೀ ಎತ್ತರ ಅಳೆಯುವ ದರ್ಜಿ.

ಕಿರಿಯರ ಫುಟ್‌ಬಾಲಿನಲ್ಲಿ ವರ್ಷ ಲೆಕ್ಕ ಹಾಕುವುದು ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹನ್ನೊಂದು ತಿಂಗಳ ಅಂತರ ಮೂವತ್ತರ ವಯಸ್ಸಿನಲ್ಲಿ ಏನೂ ಅಲ್ಲ, ಹದಿಮೂರರಲ್ಲಿ ಅದು ಬೆಟ್ಟ. ಹಾಗಾಗಿ ಲೋಕದ ಎಲ್ಲ ಕಡೆಯ ಕಿರಿಯರ ತಂಡಗಳಲ್ಲೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂದು ಲೆಕ್ಕ ಹಾಕಿದವರು ತೋರಿಸಿದ್ದಾರೆ. ನಮ್ಮಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು. ಶಾಲೆಗೆ ಸೇರಿಸುವಾಗ ಹೆಡ್‌ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ ಒಂದನೇ ತಾರೀಖು ಎಷ್ಟು ಮಂದಿಯ ಹುಟ್ಟುಹಬ್ಬವಾಗಿದೆ ಎಂಬುದು ನಮ್ಮ ತಲೆಮಾರಿನವರಿಗೆಲ್ಲ ಗೊತ್ತು. ಅದು ಮುಗ್ಧ ಸುಳ್ಳು. ಆಟಕ್ಕಾಗಿ ಎರಡು ವರ್ಷ ಕಡಿಮೆ ಬರೆಸುವುದು ಮುಗ್ಧವಲ್ಲ. ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬಲಿತಿದೆ ಎಂದು ನೋಡುವ ಪರೀಕ್ಷೆ ಅದಕ್ಕಾಗಿ ಬಂತು. ಹದಿನೇಳರೊಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಎಂಆರ್‌ಐ ಕೂಡ ಬಂತು. ರಾಹುಲ್ ದ್ರಾವಿಡ್ ಅವರು 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ, ವಯಸ್ಸು ಮುಚ್ಚಿಡುವುದಕ್ಕೂ ಫಿಕ್ಸಿಂಗ್‌ಗೂ ಭೇದವಿಲ್ಲ ಎಂಬರ್ಥದಲ್ಲಿ ಮಾತಾಡಿದ್ದು ಕ್ರಿಕೆಟಿಗಷ್ಟೇ ಅಲ್ಲ ಎಂದು ನಾನು ಅಂದುಕೊಂಡಿದ್ದೇನೆ. ಒಬ್ಬ ದೊಡ್ಡವನು ಒಳಗೆ ಬಂದನೆಂದರೆ ಆ ಸಣ್ಣ ಮೈಯ ಹುಡುಗ ಹೊರಗೆ. ಅವನು ಯಾರು ಎಂಬುದು ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ.

ಆರಿಸಿಯಾಯಿತು, ಶಿಬಿರ ಶುರುವಾಯಿತು ಎಂದಿಟ್ಟುಕೊಳ್ಳಿ. ಮಣಿಪುರದವನು, ಮಿಜೋರಾಮಿನವನು, ಪಂಜಾಬಿನವನು, ಕೇರಳದವನು, ಗೋವಾದವನು, ಬೆಂಗಳೂರಿನ ಆಸ್ಟಿನ್ ಟೌನ್ ಸಂದಿಯವನು. ಊಟ ಬೇರೆ, ಮಾತು ಬೇರೆ. ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಕೋಚ್ ಅರ್ಧ ಗಂಟೆ ಭಾಷಣ ಮಾಡಿದರೆ ಅರ್ಧ ತಂಡ ಗೋಣು ಆಡಿಸುತ್ತದೆ, ಅಷ್ಟೆ. ಆದ್ದರಿಂದ ಈ ಕಸುಬಿನವರು ಮೊದಲು ಕಟ್ಟುವುದು ಒಂದು ಸಣ್ಣ ನಿಘಂಟು. ಮ್ಯಾನ್ ಎಂದರೆ ಬೆನ್ನಿಗೆ ಎದುರಾಳಿ ಬಂದ. ಟೈಮ್ ಎಂದರೆ ಅವಸರವಿಲ್ಲ. ಟರ್ನ್ ಎಂದರೆ ತಿರುಗು. ಸ್ವಿಚ್ ಎಂದರೆ ಆ ಬದಿಗೆ ಹಾಕು. ಹತ್ತು ಹನ್ನೆರಡು ಪದ ಸಾಕು. ಆದರೆ ಹನ್ನೊಂದು ಮಂದಿಯೂ ಅದನ್ನು ಕೂಗಬೇಕು, ಕೂಗಿದ್ದು ಕೇಳಿದ ಕೂಡಲೇ ಮೈ ತಿರುಗಬೇಕು. ಎಳೆಯ ಹುಡುಗರು ಕೂಗಲು ನಾಚುತ್ತಾರೆ. ನಮ್ಮ ನೆಹರೂ ಕ್ರೀಡಾಂಗಣದಲ್ಲಿ ಗಮನಿಸಿ, ಪಾಸು ತಪ್ಪಿದ ಮೇಲೆ ಬೈಯಲು ಎಲ್ಲರಿಗೂ ದನಿ ಇರುತ್ತದೆ. ಪಾಸು ಕೊಡುವ ಮೊದಲು ಎಚ್ಚರಿಸಲು ಒಬ್ಬನಿಗೂ ಇರುವುದಿಲ್ಲ. ಆ ದನಿಯನ್ನು ಹೊರಡಿಸುವುದು ಒಂದು ಪಾಠ.

ಈಗ ಒಂದು ಅಭ್ಯಾಸವನ್ನು ನಿಧಾನವಾಗಿ ನೋಡೋಣ. ಇದರ ಹೆಸರು ರೊಂಡೊ. ಸ್ಪೇನಿನಿಂದ ಬಂದದ್ದು, ಈಗ ಎಲ್ಲ ಕಡೆ ಇದೆ. ಹತ್ತು ಹೆಜ್ಜೆಯ ಚೌಕ. ಅಂಚಿನಲ್ಲಿ ಐದು ಮಂದಿ, ನಡುವೆ ಇಬ್ಬರು. ಅಂಚಿನವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕು, ನಡುವಿನವರು ಕಸಿಯಬೇಕು. ಕಳೆದುಕೊಂಡವನು ನಡುವೆ ಹೋಗಬೇಕು. ಕೈಯಲ್ಲಿ ಚೆಂಡು ದಾಟಿಸುತ್ತ ನಡುವೆ ಒಬ್ಬನನ್ನು ಗೋಳಾಡಿಸುವ ಆಟವನ್ನು ನಾವೆಲ್ಲ ಶಾಲೆಯ ಅಂಗಳದಲ್ಲಿ ಆಡಿದವರೇ. ಇದು ಅದರ ಕಾಲಿನ ರೂಪ. ಮಕ್ಕಳಾಟ ಎಂದೇ ನನಗೂ ಅನ್ನಿಸಿತ್ತು.

ನೋಡುತ್ತ ಹೋದಾಗ ತಿಳಿಯಿತು. ಚೆಂಡು ಕಾಲಿಗೆ ಬಂದ ಮೇಲೆ ತಲೆ ಎತ್ತಿ ಯಾರಿಗೆ ಕೊಡಲಿ ಎಂದು ಹುಡುಕಿದವನು ಅಷ್ಟರಲ್ಲಿ ಕಳೆದುಕೊಂಡಿರುತ್ತಾನೆ. ಹಾಗಾಗಿ ಚೆಂಡು ಇನ್ನೂ ಬೇರೆಯವನ ಕಾಲಲ್ಲಿರುವಾಗಲೇ ಹೆಗಲ ಮೇಲಿಂದ ಒಂದು ಸಲ ಹಿಂದೆ ನೋಡಬೇಕು. ಅದು ಉರುಳಿ ಬರುತ್ತಿರುವಾಗ ಇನ್ನೊಂದು ಸಲ. ದೊಡ್ಡ ಮಿಡ್‌ಫೀಲ್ಡರುಗಳ ಗುಟ್ಟೇ ಇದು ಎಂದು ಕ್ಯಾಮೆರಾ ಇಟ್ಟು ಎಣಿಸಿದವರು ಹೇಳಿದ್ದಾರೆ. ಅವರ ತಲೆ ಗುಬ್ಬಚ್ಚಿಯ ಹಾಗೆ ಸದಾ ತಿರುಗುತ್ತಿರುತ್ತದೆ. ಎರಡನೆಯದು ನಿಲ್ಲುವ ಭಂಗಿ. ಚೆಂಡಿಗೆ ನೇರ ಎದೆ ಕೊಟ್ಟು ನಿಂತರೆ ಅರ್ಧ ಮೈದಾನ ಬೆನ್ನ ಹಿಂದೆ. ಸ್ವಲ್ಪ ಓರೆಯಾಗಿ, ಎರಡು ಬದಿಯೂ ಕಾಣುವ ಹಾಗೆ ಮೈ ತೆರೆದು ನಿಲ್ಲಬೇಕು, ಚೆಂಡನ್ನು ದೂರದ ಕಾಲಲ್ಲಿ ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಂಡರೆ ಹಿಡಿಯುವುದು, ತಿರುಗುವುದು ಎರಡೂ ಒಂದೇ ಸ್ಪರ್ಶದಲ್ಲಿ ಮುಗಿಯುತ್ತದೆ. ಮೂರನೆಯದು ಕೊಟ್ಟ ಮೇಲಿನ ಕೆಲಸ. ಪಾಸು ಕೊಟ್ಟವನು ನಿಂತುಬಿಟ್ಟರೆ ಆಟ ಸತ್ತಿತು, ಎರಡು ಹೆಜ್ಜೆ ಸರಿದು ಮತ್ತೆ ಸಿಗುವಂತಾಗಬೇಕು. ಇಷ್ಟೆಲ್ಲವನ್ನೂ ಬಾಯಲ್ಲಿ ಹೇಳಿದರೆ ಹದಿನೇಳರ ಹುಡುಗ ಮರುದಿನಕ್ಕೆ ಮರೆಯುತ್ತಾನೆ. ಚೌಕ ಹೇಳಿದರೆ ಮರೆಯುವುದಿಲ್ಲ, ಏಕೆಂದರೆ ಮರೆತ ಪ್ರತಿ ಸಲವೂ ನಡುವೆ ಹೋಗಿ ಓಡಬೇಕಾಗುತ್ತದೆ.

ಕೋಚ್‌ನ ಜಾಣತನ ಕಾಣುವುದು ಈ ಚೌಕವನ್ನು ತಿದ್ದುವುದರಲ್ಲಿ. ಹುಡುಗರು ಸಲೀಸಾಗಿ ಗೆಲ್ಲುತ್ತಿದ್ದಾರೆಯೇ? ಎರಡು ಹೆಜ್ಜೆ ಚಿಕ್ಕದು ಮಾಡು. ಪದೇ ಪದೇ ಕಳೆದುಕೊಳ್ಳುತ್ತಿದ್ದಾರೆಯೇ? ಅಂಚಿಗೆ ಇನ್ನೊಬ್ಬನನ್ನು ಸೇರಿಸು. ಒಬ್ಬನೇ ಚೆಂಡು ಇಟ್ಟುಕೊಂಡು ಮೆರೆಯುತ್ತಿದ್ದಾನೆಯೇ? ಎರಡೇ ಸ್ಪರ್ಶ ಎಂದು ಕಟ್ಟು ಹಾಕು. ಯಾರಿಗೂ ಬೈಯಬೇಕಾಗಿಲ್ಲ. ಅಡುಗೆಯವರು ಬೆಂಕಿ ಏರಿಸಿ ಇಳಿಸಿ ಮಾಡುವ ಹಾಗೆ ಕಷ್ಟವನ್ನು ಏರಿಸಿ ಇಳಿಸಿ, ಹತ್ತರಲ್ಲಿ ಏಳು ಸಲ ಗೆದ್ದು ಮೂರು ಸಲ ಸೋಲುವ ಹದಕ್ಕೆ ತಂದಿಟ್ಟರೆ ಕಲಿಕೆ ತಾನೇ ನಡೆಯುತ್ತದೆ.

ಇಲ್ಲೇ ಮಾಜಿ ಆಟಗಾರನಿಗೆ ಒಂದು ಗಂಡಾಂತರ ಇದೆ. ಅವನ ವಿದ್ಯೆ ಮೈಯಲ್ಲಿದೆ, ಮಾತಿನಲ್ಲಿಲ್ಲ. ಇಪ್ಪತ್ತು ವರ್ಷ ಆಡಿದವನಿಗೆ ಯಾವಾಗ ತಿರುಗಬೇಕೆಂದು ಕಾಲಿಗೆ ಗೊತ್ತು, ಏಕೆ ಎಂದು ಕೇಳಿದರೆ ತಡವರಿಸುತ್ತಾನೆ. ಸೈಕಲ್ ಬಲ್ಲವನು ಸೈಕಲ್ ಕಲಿಸುವಾಗ ಹೀಗೇ ಮಾರಾಯ ಎಂದು ತಾನೇ ಹತ್ತಿ ಹೋಗಿಬಿಡುತ್ತಾನಲ್ಲ, ಹಾಗೆ. ಡಿ, ಸಿ, ಬಿ, ಎ, ಪ್ರೊ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೋಚಿಂಗ್ ಲೈಸೆನ್ಸುಗಳಿವೆ. ಆ ತರಗತಿಗಳಲ್ಲಿ ದೊಡ್ಡ ಆಟಗಾರರೂ ಬೆಂಚಿನ ಮೇಲೆ ಕೂತು, ಹುಡುಗರ ಮುಂದೆ ಪಾಠ ಮಾಡಿ ತೋರಿಸಿ, ತಪ್ಪು ಹೇಳಿಸಿಕೊಳ್ಳಬೇಕು. ತನ್ನ ಮೈಯಲ್ಲಿದ್ದುದನ್ನು ಬಿಚ್ಚಿ ಬಿಡಿಭಾಗ ಮಾಡಿ ಮತ್ತೆ ಜೋಡಿಸುವುದು ಅಲ್ಲಿ ಕಲಿಯುವ ವಿದ್ಯೆ. ಮಿಡ್‌ಫೀಲ್ಡರ್ ಆಗಿದ್ದವರಿಗೆ ಇದು ಸ್ವಲ್ಪ ಸುಲಭ ಎಂಬುದು ನನ್ನ ಗುಮಾನಿ. ಮುಂದೆಯೂ ಹಿಂದೆಯೂ ನೋಡುತ್ತ, ಬೇರೆಯವರನ್ನು ಆಡಿಸುತ್ತಲೇ ಅವರು ಆಡಿರುತ್ತಾರೆ.

2022ರ ಜುಲೈ–ಆಗಸ್ಟಿನಲ್ಲಿ ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಇಪ್ಪತ್ತು ವರ್ಷದೊಳಗಿನವರ ಸ್ಯಾಫ್ ಚಾಂಪಿಯನ್‌ಷಿಪ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಟೂರ್ನಿ, ನಡೆಯಿತು. ಭಾರತದ ಕೋಚ್ ಆಗಿದ್ದ ವೆಂಕಟೇಶ್ ಅವರ ಹುಡುಗರು ಲೀಗ್ ಹಂತದಲ್ಲಿ ಬಾಂಗ್ಲಾದೇಶಕ್ಕೆ 1–2ರಿಂದ ಸೋತರು. ಆಮೇಲೆ ಚೇತರಿಸಿಕೊಂಡು, ನೇಪಾಳಕ್ಕೆ ಎಂಟು ಗೋಲು ಹೊಡೆದು ಫೈನಲ್‌ಗೆ ಬಂದರೆ ಎದುರಿಗೆ ಮತ್ತೆ ಅದೇ ಬಾಂಗ್ಲಾದೇಶ. ಆಗಸ್ಟ್ 5ರ ರಾತ್ರಿ ತೊಂಬತ್ತು ನಿಮಿಷ ಮುಗಿದಾಗ 2–2.

ಹೆಚ್ಚುವರಿ ಆಟಕ್ಕೆ ಮುಂಚಿನ ಆ ನಾಲ್ಕೈದು ನಿಮಿಷ ಈ ಕಸುಬಿನ ಅಗ್ನಿಪರೀಕ್ಷೆ ಎನ್ನಬಹುದು. ಹುಡುಗರು ಹುಲ್ಲಿನ ಮೇಲೆ ಬಿದ್ದುಕೊಂಡಿರುತ್ತಾರೆ, ಮೀನಖಂಡ ಹಿಡಿದುಕೊಂಡಿರುತ್ತದೆ, ಕಿವಿಯೊಳಗೆ ಗದ್ದಲ. ಆ ಹೊತ್ತಿನಲ್ಲಿ ತಲೆಗೆ ಹೋಗುವುದು ಒಂದು ಮಾತು, ಹೆಚ್ಚೆಂದರೆ ಎರಡು. ಕೋಚ್‌ಗೆ ಹೇಳಲು ಇಪ್ಪತ್ತು ಇರುತ್ತವೆ. ಹದಿನೆಂಟನ್ನು ನುಂಗಿಕೊಳ್ಳಬೇಕು. ಯಾವ ಎರಡು ಎಂದು ಆರಿಸುವುದಕ್ಕೆ ಅವನು ತೊಂಬತ್ತು ನಿಮಿಷ ಓಡದೆ ನಿಂತು ನೋಡಿರುತ್ತಾನೆ. ವೆಂಕಟೇಶ್ ಆ ರಾತ್ರಿ ಯಾವ ಎರಡನ್ನು ಆರಿಸಿದರೋ, ಹುಡುಗರು ಹೆಚ್ಚುವರಿ ಆಟದಲ್ಲಿ ಮೂರು ಗೋಲು ಹೊಡೆದರು. 5–2. ಐದರಲ್ಲಿ ನಾಲ್ಕು ಗುರ್‌ಕೀರತ್ ಸಿಂಗ್ ಎಂಬ ಒಬ್ಬನೇ ಹುಡುಗನವು, ಉಳಿದೊಂದು ಹಿಮಾಂಶು ಜಾಂಗ್ರಾನದು. ಕೆಲವೇ ದಿನಗಳ ಹಿಂದೆ ಸೋತ ತಂಡವನ್ನೇ ಸೋಲಿಸಿದ್ದರಲ್ಲಿ ನನಗೆ ಕಪ್ಪಿಗಿಂತ ದೊಡ್ಡದಾಗಿ ಕಂಡದ್ದು ನಡುವಿನ ಆ ಕೆಲವು ದಿನಗಳು. ಸೋತ ಮ್ಯಾಚಿನ ವಿಡಿಯೊ ಇಟ್ಟುಕೊಂಡು ಕೂತು, ಇವನದು ತಪ್ಪು ಎನ್ನದೆ, ಇಲ್ಲಿ ಜಾಗ ತೆರೆದಿತ್ತು ನೋಡು ಎಂದು ತೋರಿಸುವ ಕಲೆ ಅದರಲ್ಲಿ ಅಡಗಿದೆ.

ಅಕ್ಟೋಬರಿನಲ್ಲಿ ಇದೇ ವಯಸ್ಸಿನವರ ತಂಡ ಏಷ್ಯಾ ಕಪ್ ಅರ್ಹತಾ ಸುತ್ತಿಗೆ ಕುವೈತಿಗೆ ಹೋಯಿತು. ಇರಾಕ್ ಎದುರು 2–4, ಆಸ್ಟ್ರೇಲಿಯಾ ಎದುರು 1–4. ಕೊನೆಯಲ್ಲಿ ಆತಿಥೇಯ ಕುವೈತನ್ನು 2–1ರಿಂದ ಸೋಲಿಸಿ ವಾಪಸು ಬಂದರು. ಅರ್ಹತೆ ಸಿಗಲಿಲ್ಲ. ಆ ಇರಾಕ್ ತಂಡ ಮುಂದಿನ ವರ್ಷ ಏಷ್ಯಾ ಕಪ್ ಫೈನಲ್‌ವರೆಗೆ ಹೋಯಿತು. ದಕ್ಷಿಣ ಏಷ್ಯಾದ ಗೆಲುವಿಗೂ ಏಷ್ಯಾದ ಗೆಲುವಿಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಎರಡೇ ತಿಂಗಳಲ್ಲಿ ತೋರಿಸಿದ ಪಟ್ಟಿ ಇದು. ಆಶೆಯಿಲ್ಲದ ಮೂರನೇ ಪಂದ್ಯದಲ್ಲಿ ಆತಿಥೇಯರನ್ನು ಸೋಲಿಸಿದ್ದನ್ನು ಪತ್ರಿಕೆಗಳು ಎರಡು ಸಾಲಿನಲ್ಲಿ ಮುಗಿಸಿದವು. ನಾನಾದರೆ ಭುವನೇಶ್ವರದ ಕಪ್ಪಿನ ಪಕ್ಕದಲ್ಲೇ ಅದನ್ನೂ ಇಡುತ್ತೇನೆ.

ಅದೇ 2022ರಲ್ಲಿ ಫೆಡರೇಷನ್ ಆ್ಯರೋಸ್ ತಂಡವನ್ನು ಮುಚ್ಚಿತು. ಆ ದುಡ್ಡನ್ನು ಕಿರಿಯರ ಲೀಗಿಗೆ ಹಾಕುವುದು ಲೇಸು ಎಂಬ ವಾದ ಇತ್ತು. ಇರಬಹುದು. ಆದರೂ ಹದಿನೆಂಟರಿಂದ ಇಪ್ಪತ್ತೊಂದರವರೆಗೆ, ದೊಡ್ಡ ಕ್ಲಬ್ಬುಗಳ ಬೆಂಚಿನ ಮೇಲೆ ಕೂತೇ ಸವೆಯುವ ಹುಡುಗರನ್ನು ಕಂಡಾಗ ನನಗೆ ಸಮಾಧಾನ ಆಗುವುದಿಲ್ಲ. ಆ್ಯರೋಸ್‌ನ ಹುಡುಗರು ಸೋಲುತ್ತಿದ್ದರು ನಿಜ, ಆದರೆ ಆಡಿ ಸೋಲುತ್ತಿದ್ದರು. ಅಲ್ಲಿಂದ ಹೋದವರಲ್ಲಿ ಬೆಂಗಳೂರು ಎಫ್‌ಸಿಯ ನಡುಮೈದಾನ ಹಿಡಿದ ಸುರೇಶ್ ಸಿಂಗ್ ವಾಂಗ್‌ಜಾಮ್ ಒಬ್ಬರು. ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಇನ್ನೊಬ್ಬ. 2017ರ ಅಕ್ಟೋಬರ್ 9ರಂದು ದೆಹಲಿಯಲ್ಲಿ ಕೊಲಂಬಿಯಾ ಎದುರು ಜೀಕ್ಸನ್ ಸಿಂಗ್ ತಲೆಯಿಂದ ಹೊಡೆದ ಗೋಲು ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊಟ್ಟಮೊದಲ ಗೋಲು, ಅದು ಎಲ್ಲರಿಗೂ ನೆನಪಿದೆ. ಆ ಕಾರ್ನರ್ ಕಿಕ್ ಒದ್ದವನು ನಮ್ಮ ಸ್ಟಾಲಿನ್ ಎಂಬುದು ಎಷ್ಟು ಮಂದಿಗೆ ನೆನಪಿದೆಯೋ. ಕಾರ್ನರ್ ಒದೆಯುವವನನ್ನು ಮರೆಯುವ ಲೋಕ ಕೋಚ್‌ನನ್ನು ನೆನಪಿಟ್ಟುಕೊಳ್ಳಲಿ ಎನ್ನುವುದು ಹೆಚ್ಚಾಯಿತು.

ಕಿರಿಯರನ್ನು ತಿದ್ದುವವನಿಗೆ ಫಲ ಸಿಗುವುದೇ ಇಲ್ಲವೇ? ಅರ್ಜೆಂಟೀನಾದ ಹೊಸೆ ಪೆಕರ್ಮನ್ ಅವರ ಕತೆ ಇದಕ್ಕೆ ಒಳ್ಳೆಯ ಉತ್ತರ. ಅವರೂ ಮಿಡ್‌ಫೀಲ್ಡರ್. ಮೊಣಕಾಲು ಕೈಕೊಟ್ಟು ಮೂವತ್ತು ತುಂಬುವ ಮೊದಲೇ ಆಟ ನಿಂತಿತು. ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದರು. ಆಮೇಲೆ ಮಕ್ಕಳಿಗೆ ಆಟ ಕಲಿಸಲು ಹಿಡಿದರು. ದೇಶದ ಕಿರಿಯರ ತಂಡ ಅವರ ಕೈಗೆ ಬಂದ ಮೇಲೆ 1995, 1997, 2001ರಲ್ಲಿ ಅದು ಮೂರು ಸಲ ಲೋಕ ಗೆದ್ದಿತು. 1997ರ ತಂಡದಲ್ಲಿ ರಿಕೆಲ್ಮೆ, ಐಮಾರ್, ಕಂಬಿಯಾಸೊ, ಸಾಮುಯೆಲ್ ಇದ್ದರು. ಅವರ ಜೊತೆಗೆ ಅಷ್ಟೇನೂ ಮಿಂಚದ ಒಬ್ಬ ಹುಡುಗನೂ ಇದ್ದ, ಲಿಯೊನೆಲ್ ಸ್ಕಲೋನಿ. 2022ರ ಡಿಸೆಂಬರಿನಲ್ಲಿ ಮೆಸ್ಸಿ ವಿಶ್ವಕಪ್ ಎತ್ತಿದಾಗ ಕೋಚ್ ಆಗಿ ಗೆರೆಯ ಹೊರಗೆ ನಿಂತಿದ್ದವನು ಆ ಹುಡುಗ. ಪಕ್ಕದಲ್ಲಿ ಸಹಾಯಕರಾಗಿ ಅದೇ ಐಮಾರ್, ಅದೇ ಸಾಮುಯೆಲ್. ಇಪ್ಪತ್ತೈದು ವರ್ಷದ ಹಿಂದೆ ಬಿತ್ತಿದ್ದು.

ಈ ಸ್ಕಲೋನಿಯ ಕತೆಯಲ್ಲಿ ನಮ್ಮದೂ ಒಂದು ಎಳೆ ಇದೆ. 2018ರ ಆಗಸ್ಟಿನಲ್ಲಿ ಸ್ಪೇನಿನ ಕೋಟಿಫ್ ಟೂರ್ನಿಯಲ್ಲಿ ಅವರು ಅರ್ಜೆಂಟೀನಾದ ಇಪ್ಪತ್ತರೊಳಗಿನವರನ್ನು ಕರೆತಂದಿದ್ದರು. ಫ್ಲಾಯ್ಡ್ ಪಿಂಟೊ ಅವರ ಭಾರತದ ಹುಡುಗರು, ಹತ್ತೇ ಮಂದಿ ಉಳಿದ ಮೇಲೂ, ಅವರನ್ನು 2–1ರಿಂದ ಸೋಲಿಸಿದರು. ಗೋಲು ಹೊಡೆದವರು ದೀಪಕ್ ಟಾಂಗ್ರಿ ಮತ್ತು ಅನ್ವರ್ ಅಲಿ. ಕಪ್ ಗೆದ್ದದ್ದು ಮಾತ್ರ ಅರ್ಜೆಂಟೀನಾ. ಒಂದು ರಾತ್ರಿ ಗೆಲ್ಲುವುದು ಬೇರೆ, ಗೆಲ್ಲುವ ಅಭ್ಯಾಸ ಬೇರೆ. ಆದರೆ ಆ ರಾತ್ರಿಯೂ ಸುಳ್ಳಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ದ್ರಾವಿಡ್ ಅವರೇ. 2015ರಿಂದ ನಾಲ್ಕು ವರ್ಷ ಹತ್ತೊಂಬತ್ತರೊಳಗಿನವರ ಜೊತೆಗಿದ್ದು, 2016ರಲ್ಲಿ ಮೀರ್‌ಪುರದ ವಿಶ್ವಕಪ್ ಫೈನಲ್ ಸೋತು, 2018ರಲ್ಲಿ ನ್ಯೂಜಿಲೆಂಡಿನಲ್ಲಿ ಗೆದ್ದರು. ಒಮ್ಮೆ ಆ ವಿಶ್ವಕಪ್ ಆಡಿದ ಹುಡುಗ ವಯಸ್ಸಿದ್ದರೂ ಎರಡನೇ ಸಲ ಆಡಬಾರದು ಎಂಬ ನಿಯಮ ಅವರ ಕಾಲದಲ್ಲಿ ಬಂತು. ಹಳಬರನ್ನೇ ಇಟ್ಟುಕೊಂಡರೆ ಗೆಲುವು ಸಲೀಸು, ಆದರೆ ಇನ್ನೊಬ್ಬನ ಜಾಗ ಹೋಗುತ್ತದೆ. ಗೆದ್ದಾಗ ಕ್ರಿಕೆಟ್ ಮಂಡಳಿ ಅವರಿಗೆ 50 ಲಕ್ಷ, ಜೊತೆಯ ಸಿಬ್ಬಂದಿಗೆ 20 ಲಕ್ಷ ಘೋಷಿಸಿತು. ಅವರು ಅದು ಸರಿಯಲ್ಲ ಎಂದರು, ಕೊನೆಗೆ ಎಲ್ಲರಿಗೂ 25 ಲಕ್ಷ ಆಯಿತು. ಕೋಣೆಯೊಳಗಿದ್ದ ಹುಡುಗರು ಇದನ್ನೂ ನೋಡಿರುತ್ತಾರಲ್ಲ, ಅದೂ ಪಾಠದ ಲೆಕ್ಕಕ್ಕೇ ಸೇರಿತು.

ಈ ಕಸುಬಿನಲ್ಲಿ ಅತಿ ಕಷ್ಟದ ಗಳಿಗೆ ಯಾವುದು ಎಂದು ಬಲ್ಲವರನ್ನು ಕೇಳಿದರೆ ಸೋಲು ಎನ್ನುವುದಿಲ್ಲ. ಪಟ್ಟಿ ಓದುವುದು ಎನ್ನುತ್ತಾರೆ. ಶಿಬಿರಕ್ಕೆ ಮೂವತ್ತೈದು ಹುಡುಗರು ಬಂದಿದ್ದರೆ ವಿಮಾನ ಹತ್ತುವವರು ಇಪ್ಪತ್ತಮೂರು. ಉಳಿದ ಹನ್ನೆರಡು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಹೇಳಬೇಕು. ಗೋಡೆಗೆ ಅಂಟಿಸಿ ಪಾರಾಗುವವರೂ ಇದ್ದಾರೆ. ಒಳ್ಳೆಯ ಕೋಚ್ ಕುರ್ಚಿ ಎಳೆದು ಕೂರಿಸಿ, ಏನು ಕಡಿಮೆ ಇತ್ತು, ಯಾವುದು ಚೆನ್ನಾಗಿತ್ತು, ಮುಂದಿನ ಆರು ತಿಂಗಳಲ್ಲಿ ಏನು ಮಾಡು ಎಂದು ಹೇಳುತ್ತಾನೆ. ಹುಡುಗನಿಗೆ ಆಗ ಏನೂ ಕೇಳಿಸುತ್ತಿರುವುದಿಲ್ಲ, ಅವನು ಅಪ್ಪನಿಗೆ ಫೋನಿನಲ್ಲಿ ಏನು ಹೇಳಲಿ ಎಂದು ಯೋಚಿಸುತ್ತಿರುತ್ತಾನೆ. ಆದರೂ ಹೇಳಬೇಕು. ವರ್ಷ ಕಳೆದ ಮೇಲೆ ಕೇಳಿಸುತ್ತದೆ.

ಶಿವಮೊಗ್ಗ ಜಿಲ್ಲೆಯ ಹುಡುಗ ಈ ಪಟ್ಟಿಯವರೆಗೆ ಹೋಗಬೇಕಾದರೆ ದಾರಿ ಬೆಂಗಳೂರಿನ ಮೇಲೇ ಹಾಯಬೇಕು. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದು, ಕಿಟ್ ಚೀಲ ಹೆಗಲಿಗೇರಿಸಿ ಆಯ್ಕೆಗೆ ನಿಲ್ಲಬೇಕು. ಎದುರಿಗೆ ನಿಂತವರು ಪೆಲೆಯ ಪ್ರತಿಮೆ ಇಟ್ಟುಕೊಂಡ ಹಲಸೂರಿನ ಗೌತಮಪುರದಂಥ ಓಣಿಗಳಲ್ಲಿ ಹುಟ್ಟಿದಾಗಿನಿಂದ ಒದ್ದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್, 1962ರ ಜಕಾರ್ತಾ ಚಿನ್ನದ ತಂಡದ ಅರುಮೈನಾಯಗಂ, ಇಬ್ಬರೂ ಬೆಂಗಳೂರಿನವರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಕರ್ನಾಟಕಕ್ಕೆ ಸಂತೋಷ್ ಟ್ರೋಫಿ ತಂದದ್ದೂ ಬೆಂಗಳೂರಿನ ಲೀಗಿನಲ್ಲಿ ಪಳಗಿದ ಹುಡುಗರೇ. ಹಿಂದಿನ ಸಲ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ನಮ್ಮ ಕೆಸರಿನಲ್ಲಿ ಬೀಸಿ ಒದೆಯುವುದನ್ನಷ್ಟೇ ಕಲಿತ ಹುಡುಗ ಅಲ್ಲಿ ಮೊದಲ ಹತ್ತು ನಿಮಿಷದಲ್ಲೇ ಬೇರೆಯಾಗಿ ಕಾಣುತ್ತಾನೆ. ಕಾಲಿನ ಕೊರತೆಯಿಂದಲ್ಲ, ತಲೆ ತಿರುಗಿಸದ್ದರಿಂದ.

ಹೋದ ವಾರ ಭದ್ರಾವತಿಯಲ್ಲಿ ಕೆಲಸವಿತ್ತು, ಸಂಜೆ ಮಳೆ ಬಿಟ್ಟಿತ್ತು. ಕಾರ್ಖಾನೆಯ ಕಡೆಯ ಮೈದಾನದಲ್ಲಿ ನಾಲ್ಕು ಚಪ್ಪಲಿ ಇಟ್ಟು ಯಾರೋ ಚೌಕ ಮಾಡಿದ್ದರು. ಅಂಚಿನಲ್ಲಿ ಐದು ಹುಡುಗರು, ನಡುವೆ ಇಬ್ಬರು. ನನಗೆ ಬೆನ್ನು ಹಾಕಿ ನಿಂತಿದ್ದವನಿಗೆ ಹದಿಮೂರು ಇರಬಹುದು, ಅಂಗಿ ಮಂಡಿಯವರೆಗೆ ಇಳಿಬಿದ್ದಿತ್ತು. ಚೆಂಡು ಇನ್ನೂ ಆಚೆಯವನ ಕಾಲಲ್ಲಿತ್ತು. ಇವನು ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದ. ಚೆಂಡು ಉರುಳಿ ಬರುತ್ತಿರುವಾಗ ಇನ್ನೊಮ್ಮೆ ನೋಡಿದ. ಮೈ ಓರೆ ಮಾಡಿ ದೂರದ ಕಾಲಲ್ಲಿ ತೆಗೆದುಕೊಂಡು ತಿರುಗಿ ಕೊಟ್ಟ ಪಾಸು ನೀರಿನ ಗುಂಡಿಗೆ ಹೋಗಿ ನಿಂತಿತು. ನಡುವೆ ಇದ್ದವನು ಕೇಕೆ ಹಾಕಿ ಹೊರಗೆ ಬಂದ. ಬದಿಯಲ್ಲಿ ಕೊಡೆ ಮಡಚಿ ಹಿಡಿದು ನಿಂತಿದ್ದ ಮೇಷ್ಟ್ರು ಬೈಯಲಿಲ್ಲ. ಒಂದು ಚಪ್ಪಲಿಯನ್ನು ಕಾಲಲ್ಲೇ ತಳ್ಳಿ, ಗುಂಡಿಯನ್ನು ಚೌಕದಿಂದ ಹೊರಗೆ ಬಿಟ್ಟು, ಆಡಿ ಎಂದರು.